ಉದ್ದ ಬೆಳೆದು ಬೋಳಾದ ಮನೆಗಿಡದ ಪುನಶ್ಚೇತನ: ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಸೀಮೆ

ಬೆಳಕು ಸಾಲದ ಜಾಗದಲ್ಲಿಟ್ಟ ಕುಂಡದ ಗಿಡ ಎಲೆ ಬಿಡುವುದನ್ನು ಕಡಿಮೆ ಮಾಡಿ ಕಾಂಡವನ್ನೇ ಎಳೆಯುತ್ತ ಹೋಗುತ್ತದೆ. ಗೆಣ್ಣು ಗೆಣ್ಣಿನ ನಡುವಿನ ಅಂತರ ಹೆಚ್ಚುತ್ತದೆ, ಬುಡ ಬೋಳಾಗುತ್ತದೆ, ತುದಿಯಲ್ಲಿ ನಾಲ್ಕೇ ನಾಲ್ಕು ಎಲೆ ಉಳಿದು ಗಿಡ ಕಿಟಕಿಯ ಕಡೆಗೆ ವಾಲುತ್ತದೆ. ಇಂಥ ಗಿಡವನ್ನು ಸವರಿ, ಸವರಿದ ತುಂಡುಗಳಿಗೆ ಬೇರು ಬರಿಸಿ, ಅದೇ ಕುಂಡದಲ್ಲಿ ದಟ್ಟವಾದ ಗಿಡವನ್ನು ಮರಳಿ ಪಡೆಯುವ ಕ್ರಮವೇ ಪುನಶ್ಚೇತನ. ಹೊಸಪೇಟೆ ಕಡೆಯ ಮಾತಿನಲ್ಲಿ ಹೇಳುವುದಾದರೆ, ‘ಗಿಡ ಬರೇ ಉದ್ದ ಹೋಗೈತಿ, ಕಡಿದು ಹಚ್ಚಬೇಕು.’ ಈ ಒಂದು ಮಾತಿನಲ್ಲಿ ರೋಗವೂ ಇದೆ, ಮದ್ದೂ ಇದೆ. ಕಾರಣವೊಂದು ಇಲ್ಲ. ಕಾರಣ ಬೆಳಕು. ಅದನ್ನು ಸರಿಪಡಿಸದೆ ಕತ್ತರಿ ಆಡಿಸಿದವರ ಗಿಡ ಮೂರೇ ತಿಂಗಳಲ್ಲಿ ಮತ್ತೆ ಮೊದಲಿನಂತೆ ಉದ್ದವಾಗಿ ನಿಂತಿರುತ್ತದೆ.

ಹೊಸಪೇಟೆಯೂ ಹಂಪಿಯೂ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿವೆ. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದಿವೆ. ಜಿಲ್ಲೆ ಎರಡಾದರೂ ಬಿಸಿಲು ಒಂದೇ. ತುಂಗಭದ್ರೆಯ ನೀರು, ಕಾಲುವೆ ಕೆಳಗಿನ ಕಬ್ಬು, ಬಾಳೆ, ಭತ್ತ ಇವು ಈ ಸೀಮೆಯ ಕೃಷಿಯ ಗುರುತು. ಇಲ್ಲಿಯ ಹೊಲ ತೋಟಗಳಲ್ಲಿ ಬೀಜವಿಲ್ಲದೆ ಬೆಳೆಸುವ ವಿದ್ಯೆ ಶತಮಾನಗಳಿಂದ ನಡೆದು ಬಂದಿದೆ. ಕುಂಡದ ಗಿಡಕ್ಕೆ ಬೇಕಾದ ಪಾಠವೆಲ್ಲ ಅಲ್ಲಿಯೇ ಸಿಗುತ್ತದೆ.

ಬಿಸಿಲಿಗೆ ಹೆದರಿ ಒಳಗಿಟ್ಟ ಗಿಡ

ತಂಪು ದೇಶಗಳಲ್ಲಿ ಗಿಡಗಳನ್ನು ಚಳಿಗೆ ಹೆದರಿ ಮನೆಯೊಳಗೆ ಇಡುತ್ತಾರೆ. ಇಲ್ಲಿ ಇಡುವುದು ಬಿಸಿಲಿಗೆ ಹೆದರಿ. ಮಾರ್ಚ್ ಬಂತೆಂದರೆ ಮಾಳಿಗೆಯ ಮೇಲಿದ್ದ ಕುಂಡಗಳು ಒಂದೊಂದಾಗಿ ಪಡಸಾಲೆ ಸೇರುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಪಾದರಸ 40 ಡಿಗ್ರಿ ಮುಟ್ಟುವ ಊರಿನಲ್ಲಿ ಇದು ತಪ್ಪಲ್ಲ. ತಪ್ಪು ಆಗುವುದು ಜೂನಿನಲ್ಲಿ. ಮಳೆ ಬಿದ್ದು ಬಿಸಿಲು ಸೌಮ್ಯವಾದ ಮೇಲೂ ಕುಂಡ ಪಡಸಾಲೆಯ ಮೂಲೆಯಲ್ಲೇ, ಟಿ.ವಿ. ಪಕ್ಕದಲ್ಲೇ ಉಳಿಯುತ್ತದೆ. ಗೋಡೆ ದಪ್ಪ, ಕಿಟಕಿ ಸಣ್ಣ, ಮೇಲೊಂದು ಬೆಳಕಿಂಡಿ ಇರುವ ಹಳೆಯ ಮನೆಗಳು ತಂಪಿಗೆ ಹೇಳಿ ಮಾಡಿಸಿದಂಥವು. ಗಿಡಕ್ಕೆ ಮಾತ್ರ ಅವು ಕತ್ತಲ ಗವಿ.

ನಮ್ಮ ಕಣ್ಣು ಇಲ್ಲಿ ಸರಿಯಾದ ಸಾಕ್ಷಿಯಲ್ಲ. ಮಧ್ಯಾಹ್ನದ ನೇರ ಬಿಸಿಲು ಸುಮಾರು 1 ಲಕ್ಷ ಲಕ್ಸ್ ಇದ್ದರೆ, ಕೋಣೆಯ ನಡುವೆ ಕೆಲವು ನೂರು ಲಕ್ಸ್ ಸಿಕ್ಕರೆ ಹೆಚ್ಚು. ಕಣ್ಣಿನ ಪಾಪೆ ಹಿಗ್ಗಿ ಕುಗ್ಗಿ ಎರಡನ್ನೂ ‘ಬೆಳಕು ಚೆನ್ನಾಗಿದೆ’ ಎಂದೇ ನಮಗೆ ವರದಿ ಮಾಡುತ್ತದೆ. ಎಲೆಗೆ ಅಂಥ ಹೊಂದಾಣಿಕೆ ಇಲ್ಲ. ಕುಂಡವಿಟ್ಟ ಜಾಗದಲ್ಲಿ ಹಗಲು ಹೊತ್ತು ದೀಪ ಹಾಕದೆ ದಿನಪತ್ರಿಕೆಯ ಸಣ್ಣ ಅಕ್ಷರ ಓದಲು ಕಷ್ಟವಾದರೆ ಅದು ಗಿಡ ಬದುಕುವ ಜಾಗವಲ್ಲವೆಂದು ತಿಳಿಯಬಹುದು.

ಕಿಟಕಿಯ ದಿಕ್ಕಿನ ವಿಷಯದಲ್ಲಿ ಯೂರೋಪಿನ ಪುಸ್ತಕಗಳು ದಕ್ಷಿಣದ ಕಿಟಕಿಯನ್ನು ಹೊಗಳುತ್ತವೆ. ಆ ಮಾತು ಹೊಸಪೇಟೆಗೆ ವರ್ಷವಿಡೀ ಹೊಂದುವುದಿಲ್ಲ. ಊರು ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ಹೊತ್ತಿಗೊಮ್ಮೆ, ಆಗಸ್ಟ್ ನಡುವಿನ ಹೊತ್ತಿಗೊಮ್ಮೆ ಮಧ್ಯಾಹ್ನದ ಸೂರ್ಯ ಇಲ್ಲಿ ನೇರ ನೆತ್ತಿಯ ಮೇಲೆ ಬರುತ್ತಾನೆ. ಈ ಎರಡರ ನಡುವಿನ ಮೂರೂವರೆ ತಿಂಗಳು ಅವನು ಉತ್ತರಕ್ಕೆ ವಾಲಿರುತ್ತಾನೆ. ಆಗ ಬೆಳಕು ಹೆಚ್ಚು ಸಿಗುವುದು ಉತ್ತರದ ಕಿಟಕಿಗೆ. ದಕ್ಷಿಣದ ಕಿಟಕಿಯೊಳಗೆ ಬಿಸಿಲು ಆಳವಾಗಿ ಬರುವುದು ಡಿಸೆಂಬರ್ ಜನವರಿಯಲ್ಲಿ. ವರ್ಷಪೂರ್ತಿ ನಂಬಬಹುದಾದದ್ದು ಪೂರ್ವದ ಕಿಟಕಿ. ಬೆಳಗಿನ ಎಳೆಬಿಸಿಲು ಎರಡು ಮೂರು ತಾಸು ಬಿದ್ದರೂ ಹೆಚ್ಚಿನ ಎಲೆಗಿಡಗಳಿಗೆ ಸಾಕು. ಪಶ್ಚಿಮದ ಕಿಟಕಿ ಬೇಸಿಗೆಯಲ್ಲಿ ಎಲೆ ಸುಡುತ್ತದೆ.

ಸಂಡೂರಿನಲ್ಲಿ ಇನ್ನೊಂದು ತೊಡಕಿದೆ. ಗುಡ್ಡಗಳ ನಡುವಿನ ಈ ಊರು ಹೊಸಪೇಟೆಗಿಂತ ಹಸಿರು. ಆದರೆ ಕಬ್ಬಿಣದ ಅದಿರಿನ ಲಾರಿ ಓಡಾಡುವ ರಸ್ತೆ ಬದಿಯ ಮನೆಗಳಲ್ಲಿ ಎಲೆಯ ಮೇಲೆ ಕೆಂಪು ದೂಳು ಕೂರುತ್ತದೆ. ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸುವ ಮುಂಚಿನ ಕಾಲಕ್ಕೆ ಹೋಲಿಸಿದರೆ ದೂಳು ಕಡಿಮೆ, ಇಲ್ಲವೇ ಇಲ್ಲವೆನ್ನುವಂತಿಲ್ಲ. ದೂಳಿನ ಪದರ ಬೆಳಕನ್ನು ತಡೆಯುವುದರಿಂದ ಕಿಟಕಿಯಲ್ಲಿದ್ದ ಗಿಡವೂ ಕತ್ತಲಲ್ಲಿದ್ದಂತೆ ವರ್ತಿಸುತ್ತದೆ. ಅಲ್ಲಿ ಕತ್ತರಿಗಿಂತ ಮೊದಲು ಒದ್ದೆ ಬಟ್ಟೆ ಕೈಗೆ ಬರಬೇಕು. ಎಲೆಯ ಎರಡೂ ಮೈ ಒರೆಸಿ ಮೂರು ವಾರ ಕಾದು ನೋಡಿದರೆ ಎಷ್ಟೋ ಗಿಡಗಳ ಹೊಸ ಗೆಣ್ಣುಗಳು ಹತ್ತಿರ ಹತ್ತಿರ ಬಂದಿರುತ್ತವೆ.

ತುದಿಯ ದೊರೆತನ

ಗಿಡದ ತುದಿಮೊಗ್ಗು ತಾನು ಬೆಳೆಯುತ್ತಿರುವವರೆಗೆ ಕೆಳಗಿನ ಪಕ್ಕದ ಮೊಗ್ಗುಗಳನ್ನು ಏಳಗೊಡುವುದಿಲ್ಲ. ಸಸ್ಯಶಾಸ್ತ್ರ ಇದನ್ನು ಅಗ್ರಪ್ರಾಬಲ್ಯ ಎನ್ನುತ್ತದೆ. ಚಾರ್ಲ್ಸ್ ಡಾರ್ವಿನ್ ಮತ್ತು ಅವನ ಮಗ ಫ್ರಾನ್ಸಿಸ್ 1880ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬೆಳಕಿನ ದಿಕ್ಕನ್ನು ಗ್ರಹಿಸುವುದು ಹುಲ್ಲಿನ ಮೊಳಕೆಯ ತುದಿ, ಬಾಗುವುದು ಅದರ ಕೆಳಗಿನ ಭಾಗ ಎಂದು ಕಂಡುಬಂತು. ತುದಿಯಿಂದ ಏನೋ ಒಂದು ಕೆಳಗೆ ಇಳಿಯುತ್ತಿರಬೇಕು ಎಂಬ ಊಹೆ ಅಲ್ಲಿಂದ ಹುಟ್ಟಿತು. 1920ರ ದಶಕದಲ್ಲಿ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳಿಂದ ಆ ಪದಾರ್ಥವನ್ನು ಹಿಡಿದು ತೋರಿಸಿದ. ಅದಕ್ಕೆ ಆಕ್ಸಿನ್ ಎಂಬ ಹೆಸರು ನಿಂತಿತು. 1933ರಲ್ಲಿ ಕೆನೆತ್ ತಿಮನ್ ಮತ್ತು ಫೋಕ್ ಸ್ಕೂಗ್ ತುದಿ ಕತ್ತರಿಸಿದ ಅವರೆ ಜಾತಿಯ ಸಸಿಗಳ ಮೇಲೆ ಆಕ್ಸಿನ್ ಇಟ್ಟು ನೋಡಿದರು. ತುದಿ ಇಲ್ಲದಿದ್ದರೂ ಪಕ್ಕದ ಮೊಗ್ಗುಗಳು ಸುಮ್ಮನಿದ್ದವು. ಈಚಿನ ಸಂಶೋಧನೆ ಸ್ಟ್ರಿಗೊಲ್ಯಾಕ್ಟೋನ್ ಎಂಬ ಇನ್ನೊಂದು ಚೋದಕವನ್ನೂ ಕಾಂಡದಲ್ಲಿ ಹರಿಯುವ ಸಕ್ಕರೆಯ ಪಾತ್ರವನ್ನೂ ಈ ಲೆಕ್ಕಕ್ಕೆ ಸೇರಿಸಿದೆ. ತೋಟಗಾರನಿಗೆ ಬೇಕಾದ ಅಂಶ ಇಷ್ಟೇ: ಕುಡಿ ಚಿವುಟಿದರೆ ಕೆಳಗಿನ ಕಣ್ಣುಗಳು ಒಡೆಯುತ್ತವೆ.

ಕತ್ತಲಲ್ಲಿ ಗಿಡ ಉದ್ದವಾಗುವುದು ಕಾಯಿಲೆಯಲ್ಲ, ಲೆಕ್ಕಾಚಾರ. ನೆಲದೊಳಗಿಂದ ಮೇಲೇಳುವ ಮೊಳಕೆ ಬೆಳಕು ಸಿಗುವವರೆಗೆ ಎಲೆ ಬಿಡದೆ ಕಾಂಡಕ್ಕೇ ಎಲ್ಲವನ್ನೂ ಸುರಿಯುತ್ತದೆ. ಪಡಸಾಲೆಯ ಗಿಡ ಮಾಡುವುದೂ ಅದನ್ನೇ. ಇನ್ನೊಂದು ಗೇಣು ಹೋದರೆ ಬೆಳಕು ಸಿಕ್ಕೀತು ಎಂಬ ಆಸೆಯಲ್ಲಿ ಉಳಿತಾಯವನ್ನೆಲ್ಲ ಖರ್ಚು ಮಾಡುತ್ತದೆ. ಇಂಥ ಹೊತ್ತಿನಲ್ಲಿ ‘ಪಾಪ, ಸೊರಗಿದೆ’ ಎಂದು ಗೊಬ್ಬರ, ಅದರಲ್ಲೂ ಯೂರಿಯಾ ಹಾಕಿದರೆ ಗಿಡ ಇನ್ನಷ್ಟು ಉದ್ದವಾಗಿ, ಇನ್ನಷ್ಟು ಮೆತ್ತಗಾಗುತ್ತದೆ. ಮನೆಗಿಡಗಳಿಗೆ ಆಗುವ ಅಪಕಾರಗಳಲ್ಲಿ ಈ ಮಮತೆಯ ಗೊಬ್ಬರವೂ ಒಂದು.

ಕಂಪ್ಲಿಯ ಕಬ್ಬು, ಎಲೆತೋಟದ ಬಳ್ಳಿ

ಅಗ್ರಪ್ರಾಬಲ್ಯವನ್ನು ಕಣ್ಣಾರೆ ನೋಡಲು ಪ್ರಯೋಗಾಲಯ ಬೇಡ, ಕಂಪ್ಲಿ ಕಡೆಯ ಕಬ್ಬಿನ ಗದ್ದೆ ಸಾಕು. ಕಬ್ಬಿನ ಪ್ರತಿ ಗೆಣ್ಣಿನಲ್ಲೂ ಒಂದು ಕಣ್ಣು, ಕಣ್ಣಿನ ಸುತ್ತ ಚುಕ್ಕಿ ಚುಕ್ಕಿಯಾಗಿ ಬೇರಿನ ಮೂಲಗಳು. ಇಡೀ ಜಲ್ಲೆಯನ್ನು ಹಾಗೇ ಸಾಲಿನಲ್ಲಿ ಮಲಗಿಸಿದರೆ ತುದಿಯ ಕಡೆಯ ಕಣ್ಣುಗಳು ಮೊದಲು ಮೊಳೆತು ಬುಡದ ಕಡೆಯವು ಹಿಂದೆ ಬೀಳುತ್ತವೆ. ಆದ್ದರಿಂದಲೇ ರೈತ ಜಲ್ಲೆಯನ್ನು ಎರಡು ಕಣ್ಣಿನ, ಮೂರು ಕಣ್ಣಿನ ತುಂಡುಗಳಾಗಿ ಕತ್ತರಿಸುತ್ತಾನೆ. ಕತ್ತರಿಸಿದೊಡನೆ ಮೇಲಿನವರ ಹಿಡಿತ ತಪ್ಪಿ ಪ್ರತಿ ತುಂಡೂ ಸ್ವತಂತ್ರವಾಗುತ್ತದೆ. ಜಲ್ಲೆಯ ಬುಡಕ್ಕಿಂತ ಮೇಲಿನ ಮೂರನೇ ಒಂದು ಭಾಗದ ತುಂಡುಗಳು ಚೆನ್ನಾಗಿ ಮೊಳೆಯುತ್ತವೆ ಎಂಬುದೂ ರೈತರಿಗೆ ಗೊತ್ತು. ಬುಡ ಸಿಹಿ, ತಿನ್ನಲು ಒಳ್ಳೆಯದು. ತುದಿ ಸಪ್ಪೆ, ನೆಡಲು ಒಳ್ಳೆಯದು. ಮನಿ ಪ್ಲಾಂಟಿನ ಹಳೆಯ ಬುಡಕ್ಕಿಂತ ಎಳೆಯ ತುದಿ ಬೇಗ ಬೇರು ಬಿಡುವುದೂ ಇದೇ ಜಾಡಿನ ಮಾತು. ಕಟಾವಾದ ಮೇಲೆ ನೆಲದಲ್ಲಿ ಉಳಿದ ಬುಡದಿಂದ ಮತ್ತೆ ಬರುವ ಕೂಳೆ ಕಬ್ಬನ್ನು ಸವರಿಕೆಯ ಅತಿ ದೊಡ್ಡ ಉದಾಹರಣೆ ಎನ್ನಬೇಕು. ಗಿಡವನ್ನು ನೆಲಮಟ್ಟಕ್ಕೆ ಕಡಿದರೂ ಅದು ಹಿಂದಿನದಕ್ಕಿಂತ ಹೆಚ್ಚು ಮರಿ ಒಡೆಯುತ್ತದೆ.

ಆದರೆ ಉದ್ದ ಬೆಳೆದ ಮನೆಬಳ್ಳಿಗೆ ನಿಜವಾದ ಗುರು ವೀಳ್ಯದೆಲೆಯ ತೋಟ. ಹಂಪಿಯ ಹಜಾರರಾಮ ದೇವಾಲಯದ ಬಳಿಯಿಂದ ಹೊರಡುವ ಹಳೆಯ ಬೀದಿಗೆ ಪಾನ್ ಸುಪಾರಿ ಬಜಾರ್ ಎಂಬ ಹೆಸರಿದೆ. ಅಲ್ಲಿ ಇಮ್ಮಡಿ ದೇವರಾಯ 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಶಾಸನ ಆ ಜಾಗವನ್ನು ಎಲೆ ಅಡಿಕೆಯ ಅಂಗಡಿಬೀದಿಯೆಂದೇ ಗುರುತಿಸುತ್ತದೆ. ಅದೇ ದೇವರಾಯನ ಕಾಲದಲ್ಲಿ, 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಇಲ್ಲಿಯ ಜನರ ಗುಲಾಬಿ ಹುಚ್ಚನ್ನೂ ವೀಳ್ಯದ ಚಟವನ್ನೂ ಬೆರಗಿನಿಂದ ಬರೆದಿಟ್ಟಿದ್ದಾನೆ. ಗುಲಾಬಿಯನ್ನು ಬೆಳೆಸುವುದು ಕಡ್ಡಿಯಿಂದ, ಎಲೆಬಳ್ಳಿಯನ್ನು ಬೆಳೆಸುವುದು ಬಳ್ಳಿಯ ತುಂಡಿನಿಂದ. ರಾಜಧಾನಿಯ ಸೊಗಸಿನ ಹಿಂದೆ ಕಡ್ಡಿ ಹಚ್ಚುವವರ ಕೈ ಇದ್ದೇ ಇತ್ತು.

ಎಲೆಬಳ್ಳಿ ನುಗ್ಗೆ, ಹಾಲುವಾಣ, ಅಗಸೆಯಂಥ ಆಸರೆ ಮರವನ್ನು ಹತ್ತಿ ವರ್ಷಕ್ಕೆ ಆಳೆತ್ತರ ಮೀರಿ ಹೋಗುತ್ತದೆ. ಕೆಳಗಿನ ಎಲೆ ಕೊಯ್ದು ಕೊಯ್ದು ಬುಡ ಬೋಳು. ಮೇಲೆ ಹೋದಂತೆ ಎಲೆ ಸಣ್ಣದಾಗುತ್ತ ಬರುತ್ತದೆ. ನಮ್ಮ ಪಡಸಾಲೆಯ ಗಿಡದ ಸ್ಥಿತಿ ಅಕ್ಷರಶಃ ಇದೇ. ಆಗ ತೋಟಿಗ ಬಳ್ಳಿಯನ್ನು ಕತ್ತರಿಸಿ ಎಸೆಯುವುದಿಲ್ಲ, ಇಳಿಸುತ್ತಾನೆ. ಆಸರೆಗೆ ಕಟ್ಟಿದ ಕಟ್ಟುಗಳನ್ನು ಬಿಚ್ಚಿ, ಬಳ್ಳಿಯನ್ನು ಮುರಿಯದಂತೆ ಕೆಳಗೆಳೆದು, ಬೋಳಾದ ಭಾಗವನ್ನು ಬುಡದ ಗುಂಡಿಯಲ್ಲಿ ಸಿಂಬಿಯಂತೆ ಸುತ್ತಿ, ಮೇಲೆ ಮಣ್ಣು ಗೊಬ್ಬರ ಮುಚ್ಚುತ್ತಾನೆ. ಎಲೆಯಿರುವ ತುದಿಯನ್ನಷ್ಟೇ ಮತ್ತೆ ಆಸರೆಗೆ ಕಟ್ಟುತ್ತಾನೆ. ಮಣ್ಣು ಸೇರಿದ ಪ್ರತಿ ಗೆಣ್ಣೂ ಬೇರು ಬಿಡುತ್ತದೆ, ಒಂದು ಬುಡದ ಜಾಗದಲ್ಲಿ ಹತ್ತು ಬುಡಗಳಾಗುತ್ತವೆ, ಎಲೆ ಮತ್ತೆ ಅಗಲವಾಗುತ್ತದೆ. ಮನಿ ಪ್ಲಾಂಟ್, ಫಿಲೊಡೆಂಡ್ರಾನ್ ಮುಂತಾದ ಬಳ್ಳಿಗಿಡಗಳಿಗೆ ಇದಕ್ಕಿಂತ ಸುಲಭವಾದ, ಸೋಲಿಲ್ಲದ ಉಪಾಯ ಇನ್ನೊಂದಿಲ್ಲ. ಬಳ್ಳಿಯನ್ನು ತಾಯಿಯಿಂದ ಕತ್ತರಿಸದೇ ಕುಂಡದ ಮಣ್ಣಿನ ಮೇಲೆ ಸುತ್ತಿ, ಗೆಣ್ಣಿದ್ದಲ್ಲಿ ಬಗ್ಗಿಸಿದ ತಂತಿಯಿಂದ ಒತ್ತಿ ಹಿಡಿದರೆ ಮುಗಿಯಿತು.

ಇದೇ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯ ಮಲ್ಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೂವು. ಮಲ್ಲಿಗೆಯನ್ನು ಚಳಿಗಾಲದಲ್ಲಿ ಸವರದೆ ಬಿಟ್ಟರೆ ಗಿಡ ಹಂಬಾಗಿ ಹರಡುತ್ತದೆ, ಹೂ ಇಳಿಯುತ್ತದೆ. ಬಳ್ಳಾರಿ ಹೆಸರಿನದೇ ತಳಿಯಿರುವ ಅಂಜೂರವನ್ನೂ ಬಲಿತ ಕಡ್ಡಿಯಿಂದಲೇ ಬೆಳೆಸುತ್ತಾರೆ, ವರ್ಷವರ್ಷ ಸವರುತ್ತಾರೆ. ದ್ರಾಕ್ಷಿ ಬೆಳೆಯುವ ಕಡೆ ಈ ಕೆಲಸಕ್ಕೆ ಚಾಟನಿ ಎಂಬ ಪ್ರತ್ಯೇಕ ಹೆಸರೇ ಇದೆ.

ಸವರುವ ಕೆಲಸ

ಕಾಲ ನೋಡಿ ಸವರಬೇಕು. ಈ ಸೀಮೆಯಲ್ಲಿ ಮೃಗಶಿರ ಮಳೆಯಿಂದ, ಎಂದರೆ ಜೂನ್ ಮೊದಲ ಭಾಗದಿಂದ ಸೆಪ್ಟೆಂಬರ್ ಕೊನೆಯವರೆಗೆ ಒಳ್ಳೆಯ ಕಾಲ. ಗಾಳಿಯಲ್ಲಿ ತೇವವಿರುತ್ತದೆ, ಬಿಸಿಲು ಹದವಾಗಿರುತ್ತದೆ. ಹೊಸಪೇಟೆಯ ಮಳೆ ಹೆಚ್ಚೇನಲ್ಲ, ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು. ಆದರೂ ಕಡ್ಡಿಗೆ ಬೇಕಾದದ್ದು ಸುರಿಮಳೆಯಲ್ಲ, ಮೋಡ. ಏಪ್ರಿಲ್, ಮೇ ತಿಂಗಳಲ್ಲಿ ಒಣಗಿದ್ದನ್ನು ತೆಗೆಯುವುದು ಬಿಟ್ಟು ಬೇರೆ ಏನೂ ಮಾಡಬಾರದು. ಚಳಿಗಾಲದಲ್ಲಿ ಬೇರು ಬರುವುದು ನಿಧಾನ.

ಕತ್ತರಿಸುವ ಮುನ್ನ ಎರಡು ವಾರ ಗಿಡವನ್ನು ಬೆಳಕಿಗೆ ಹೊಂದಿಸಬೇಕು. ಪಡಸಾಲೆಯಿಂದ ನೇರ ಮಾಳಿಗೆಗೆ ಒಯ್ದರೆ ಎಲೆಯ ಮೇಲೆ ಬಿಳಿ ಕಂದು ಸುಟ್ಟ ಕಲೆ ಏಳುತ್ತದೆ. ಆ ಕಲೆ ಮಾಯುವುದಿಲ್ಲ. ಮೊದಲು ಕಿಟಕಿ, ಆಮೇಲೆ ಜಗುಲಿ, ಆಮೇಲೆ ಬೇಕಿದ್ದರೆ ಹಸಿರು ನೆರಳುಪರದೆಯ ಕೆಳಗೆ.

ಈಗ ಕತ್ತರಿ. ಗೆಣ್ಣು ಎಲ್ಲಿದೆ ನೋಡಿ: ಎಲೆ ಉದುರಿದ ಗಾಯದ ಗುರುತು, ಕಾಂಡದ ಸುತ್ತ ಸಣ್ಣ ಉಂಗುರ, ಅದರ ಮೇಲೊಂದು ಉಬ್ಬು. ಆ ಉಬ್ಬೇ ಕಣ್ಣು. ಉಳಿಯಬೇಕಾದ ಗೆಣ್ಣಿಗಿಂತ ಅರ್ಧ ಸೆಂಟಿಮೀಟರ್ ಮೇಲೆ, ಸ್ವಲ್ಪ ಓರೆಯಾಗಿ ಕತ್ತರಿಸಬೇಕು. ಗೆಣ್ಣಿಗೆ ತಾಗಿಸಿದರೆ ಕಣ್ಣು ಒಣಗುತ್ತದೆ. ಎರಡು ಮೂರು ಸೆಂಟಿಮೀಟರ್ ಬಿಟ್ಟರೆ ಆ ಮೋಟು ಕೊಳೆತು, ಆ ಕೊಳೆತ ಕೆಳಗಿಳಿಯುತ್ತದೆ. ಒಂದು ಸಲಕ್ಕೆ ಗಿಡದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆಗೆಯದಿರುವುದು ಕ್ಷೇಮ. ಬಹಳ ಉದ್ದ ಹೋಗಿದ್ದರೆ ಆರು ವಾರದ ಅಂತರದಲ್ಲಿ ಎರಡು ಸಲ ಸವರಬಹುದು. ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಿಂದ ಒರೆಸಬೇಕು. ಸವರಿದ ಮೇಲೆ ಎಲೆ ಕಡಿಮೆ, ಆದ್ದರಿಂದ ನೀರೂ ಕಡಿಮೆ. ಬೋಳು ಗಿಡಕ್ಕೆ ಹಳೆಯ ಲೆಕ್ಕದಲ್ಲೇ ದಿನಾ ನೀರು ಹಾಕಿ ಬೇರು ಕೊಳೆಸುವವರು ಬಹಳ. ಮೊದಲ ಚಿಗುರು ಕಾಣುವವರೆಗೆ ಗೊಬ್ಬರವೂ ಬೇಡ.

ಹೊಸ ಚಿಗುರು ನಾಲ್ಕೆಲೆ ಆದಾಗ ಅದರ ಕುಡಿಯನ್ನೂ ಉಗುರಿನಿಂದ ಚಿವುಟಿದರೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಈ ಎರಡನೆಯ ಚಿವುಟು ಹೆಚ್ಚಿನವರಿಗೆ ಮನಸ್ಸು ಬಾರದ ಕೆಲಸ. ಗಿಡ ದಟ್ಟವಾಗುವುದು ಮಾತ್ರ ಇದರಿಂದಲೇ.

ಕಡ್ಡಿ ಹಚ್ಚುವುದು

ಈ ಕಡೆ ಗಿಡ ನೆಡುವುದಿಲ್ಲ, ಹಚ್ಚುತ್ತಾರೆ. ಭತ್ತದ ಸಸಿಯೂ ಹಚ್ಚುವುದೇ, ದಾಸವಾಳದ ಕಡ್ಡಿಯೂ ಹಚ್ಚುವುದೇ. ಹೊಸಪೇಟೆಯ ಯಾವುದೇ ಓಣಿಯಲ್ಲಿ ‘ಅಕ್ಕಾ, ಒಂದು ಕಡ್ಡಿ ಕೊಡ್ರೀ’ ಎಂದು ಕೇಳಿದವರಿಗೆ ಇಲ್ಲವೆಂದವರು ಕಡಿಮೆ. ಕೇಳದೆ ಕದ್ದು ತಂದದ್ದೇ ಚೆನ್ನಾಗಿ ಹಿಡಿಯುತ್ತದೆ ಎಂಬ ನಂಬಿಕೆಯೂ ಜೊತೆಗೇ ಇದೆ. ಮನಿ ಪ್ಲಾಂಟಿಗಂತೂ ಕಳ್ಳತನವೇ ಶಾಸ್ತ್ರ. ಈ ನಂಬಿಕೆಗೆ ಒಂದು ಸರಳ ಕಾರಣ ಇರಬಹುದು: ಕದಿಯುವವರು ಕೈಗೆ ಸುಲಭವಾಗಿ ಸಿಗುವ ತುದಿಯನ್ನೇ ಮುರಿದುಕೊಳ್ಳುತ್ತಾರೆ, ತುದಿಯೇ ಬೇಗ ಬೇರು ಬಿಡುತ್ತದೆ.

ಸವರಿದ ತುಂಡುಗಳಿಂದ ನಾಲ್ಕರಿಂದ ಆರು ಅಂಗುಲದ, ಎರಡು ಮೂರು ಗೆಣ್ಣುಳ್ಳ ಕಡ್ಡಿಗಳನ್ನು ಆರಿಸಬೇಕು. ಕೆಳಗಿನ ಎಲೆ ತೆಗೆದು, ಮೇಲಿನ ಎರಡು ಎಲೆ ಉಳಿಸಿ, ಎಲೆ ದೊಡ್ಡದಾದರೆ ಅರ್ಧಕ್ಕೆ ಕತ್ತರಿಸಿ. ಬೇರಿಲ್ಲದ ಕಡ್ಡಿಗೆ ಎಲೆ ಎಂದರೆ ಆದಾಯವೂ ಹೌದು, ಖರ್ಚೂ ಹೌದು. ನೀರು ಆರಿಹೋಗುವುದು ಅಲ್ಲಿಂದಲೇ. ತಲೆಕೆಳಗಾಗಿ ಹಚ್ಚಿದ ಕಡ್ಡಿ ಹಿಡಿಯುವುದಿಲ್ಲ. ಬೇರು ಬರುವುದು ಬುಡದ ಕಡೆಯ ತುದಿಯಲ್ಲೇ. ಎಲೆಯಿಲ್ಲದ ಬೋಳು ತುಂಡಿನಲ್ಲಿ ಮೇಲು ಕೆಳಗು ಗುರುತು ತಪ್ಪುವುದರಿಂದ ಕತ್ತರಿಸುವಾಗಲೇ ಕೆಳಗನ್ನು ಓರೆಯಾಗಿ, ಮೇಲನ್ನು ನೇರವಾಗಿ ಕತ್ತರಿಸಿಡುವ ರೂಢಿ ಒಳ್ಳೆಯದು. ಗುಲಾಬಿ, ದಾಸವಾಳ, ಕಾಗದದ ಹೂವಿನ ಬಲಿತ ಕಡ್ಡಿಯ ಮೇಲ್ತುದಿಗೆ ಸಗಣಿ ಉಂಡೆ ಅಂಟಿಸುವ ಪದ್ಧತಿ ಹಳ್ಳಿಗಳಲ್ಲಿ ಈಗಲೂ ಇದೆ. ಕತ್ತರಿಸಿದ ಬಾಯಿಯಿಂದ ನೀರು ಆರದಂತೆ ಅದು ಬಿರಡೆಯ ಕೆಲಸ ಮಾಡುತ್ತದೆ. ಅಂಗಡಿಯಲ್ಲಿ ಸಿಗುವ ಬೇರಿನ ಪುಡಿಯಲ್ಲಿ ಇರುವುದು ಸಾಮಾನ್ಯವಾಗಿ ಐ.ಬಿ.ಎ. ಎಂಬ ಆಕ್ಸಿನ್. ಬಲಿತ ಕಡ್ಡಿಗೆ ಅದು ಉಪಯೋಗ, ಮನಿ ಪ್ಲಾಂಟಿಗೂ ದೊಡ್ಡಪತ್ರೆಗೂ ದಂಡ.

ಬೇರು ಬರಿಸುವ ಮಣ್ಣಿನ ವಿಷಯದಲ್ಲಿ ನೆಲ ನೋಡಿ ನಡೆಯಬೇಕು. ಕಂಪ್ಲಿ ಕಡೆಯ ಎರೆಮಣ್ಣು ನೀರು ಹಿಡಿದಿಟ್ಟು ಕಡ್ಡಿಯ ಬುಡ ಕೊಳೆಸುತ್ತದೆ, ಒಣಗಿದರೆ ಬಿರಿದು ಎಳೆಬೇರು ಹರಿಯುತ್ತದೆ. ಹೊಸಪೇಟೆ, ಸಂಡೂರು ಕಡೆಯ ಕೆಂಪು ಮಸಾರಿ ವಾಸಿ. ಭತ್ತದ ಗಿರಣಿಗಳಿರುವ ಊರಿನವರಿಗೆ ಕೈಯಳತೆಯಲ್ಲೇ ಒಳ್ಳೆಯ ಸಾಮಗ್ರಿಯಿದೆ: ಅರ್ಧ ಸುಟ್ಟು ಕಪ್ಪಾದ ಭತ್ತದ ಹೊಟ್ಟು. ಹಗುರ, ನೀರು ಬಸಿಯುತ್ತದೆ, ರೋಗಾಣು ಕಡಿಮೆ. ಅದನ್ನು ಸಮಪಾಲು ತೆಂಗಿನ ನಾರಿನ ಪುಡಿ ಅಥವಾ ಮಸಾರಿ ಮಣ್ಣಿನೊಂದಿಗೆ ಬೆರೆಸಿದರೆ ಕಡ್ಡಿಗೆ ಬೇರೇನೂ ಬೇಡ. ಪೂರ್ತಿ ಬೂದಿಯಾದ ಬಿಳಿ ಹೊಟ್ಟು ಉಪಯೋಗವಿಲ್ಲ.

ನೀರಿನ ಬಾಟಲಿಯಲ್ಲಿ ಬೇರು ಬರಿಸುವುದಾದರೆ ಗೆಣ್ಣು ಮುಳುಗಿರಬೇಕು, ಎಲೆ ಮುಳುಗಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಾಗಬೇಕು. ಬೇರು ಎರಡು ಅಂಗುಲ ಆಗುವಷ್ಟರಲ್ಲಿ ಮಣ್ಣಿಗೆ ಹಾಕಬೇಕು. ತಿಂಗಳುಗಟ್ಟಲೆ ನೀರಲ್ಲೇ ಉಳಿದ ಬೇರು ಮಣ್ಣಿಗೆ ಹೊಂದಿಕೊಳ್ಳಲು ಒದ್ದಾಡುತ್ತದೆ. ಬೇರು ಬಂದ ಕಡ್ಡಿಗಳನ್ನು ತಾಯಿಗಿಡದ ಕುಂಡದಲ್ಲೇ, ಬೋಳು ಬುಡದ ಸುತ್ತ ಹಚ್ಚುವುದು ಈ ಇಡೀ ವಿದ್ಯೆಯ ಮುಖ್ಯ ಗುಟ್ಟು. ತಾಯಿಯ ಕಣ್ಣುಗಳು ಒಡೆಯಲು ಎರಡು ತಿಂಗಳು ಹಿಡಿದರೂ ಕುಂಡ ಅಷ್ಟರೊಳಗೆ ತುಂಬಿರುತ್ತದೆ.

ಕೆಲವು ಗಿಡಗಳು

ಮನಿ ಪ್ಲಾಂಟ್ (ಎಪಿಪ್ರೆಮ್ನಮ್ ಔರಿಯಮ್) ಮೂಲತಃ ಶಾಂತ ಮಹಾಸಾಗರದ ಮೊರೆಯಾ ದ್ವೀಪದ ಬಳ್ಳಿ. ಹೂ ಬಿಡಲು ಬೇಕಾದ ಜಿಬ್ಬರೆಲಿನ್ ಚೋದಕವನ್ನು ತಯಾರಿಸುವ ಜೀನ್ ಇದರಲ್ಲಿ ಕೆಲಸ ಮಾಡುವುದಿಲ್ಲವೆಂದು 2016ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ತಾನಾಗಿ ಹೂ ಬಿಟ್ಟ ಕೊನೆಯ ದಾಖಲೆ 1964ರದು. ಹೂವಿಲ್ಲ, ಆದ್ದರಿಂದ ಬೀಜವಿಲ್ಲ. ಹೊಸಪೇಟೆಯ ಅಡುಗೆಮನೆಯ ಕಿಟಕಿಯಲ್ಲಿರುವ ಬಳ್ಳಿಯೂ ಬೇರೆ ಊರಿನ ಬ್ಯಾಂಕಿನ ಮೆಟ್ಟಿಲ ಬಳ್ಳಿಯೂ ಕಡ್ಡಿಯಿಂದ ಕಡ್ಡಿಗೆ ದಾಟಿ ಬಂದವೇ. ಪ್ರತಿ ಗೆಣ್ಣಿನಲ್ಲಿರುವ ಕಂದು ಮೊನೆಯೇ ಗಾಳಿಬೇರು. ಅದಿರುವ ತುಂಡು ಎರಡು ಮೂರು ವಾರದಲ್ಲಿ ಬೇರು ಬಿಡುತ್ತದೆ. ಗೆಣ್ಣಿಲ್ಲದೆ ಬರೀ ಎಲೆ ತೊಟ್ಟು ನೀರಲ್ಲಿಟ್ಟರೆ ತಿಂಗಳು ಹಸಿರಾಗಿರುತ್ತದೆ, ಗಿಡವಾಗುವುದಿಲ್ಲ. ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಹರಳುಗಳಿರುವುದರಿಂದ ಮಕ್ಕಳು, ಬೆಕ್ಕು ನಾಯಿಗಳ ಬಾಯಿಗೆ ಸಿಗದಂತೆ ಇಡಬೇಕು.

ದೊಡ್ಡಪತ್ರೆ, ಎಂದರೆ ಸಂಬಾರಬಳ್ಳಿ, ಕೆಮ್ಮು ನೆಗಡಿಗೂ ಬಜ್ಜಿ ತಂಬುಳಿಗೂ ಬೇಕಾದದ್ದು. ನೆರಳಲ್ಲಿಟ್ಟರೆ ಎಲೆ ತೆಳುವಾಗಿ ಕಾಂಡ ನೆಲಕ್ಕೆ ಬೀಳುತ್ತದೆ. ಇದಕ್ಕೆ ಸವರಿಕೆಯ ಪ್ರತ್ಯೇಕ ಪಾಠ ಬೇಕಿಲ್ಲ. ಅಡುಗೆಗೆ ಎಲೆ ಕೀಳುವ ಬದಲು ಕುಡಿಸಮೇತ ಚಿವುಟುವ ಅಭ್ಯಾಸ ಮಾಡಿಕೊಂಡರೆ ಗಿಡ ತಾನೇ ಪೊದೆಯಾಗುತ್ತದೆ.

ತುಳಸಿಯ ವಿಷಯದಲ್ಲಿ ಶ್ರದ್ಧೆಯೇ ಅಡ್ಡ ಬರುವುದುಂಟು. ಉಗುರು ತಾಕಿಸಬಾರದು, ದ್ವಾದಶಿಯಂದು ಕೀಳಬಾರದು ಎಂದು ಬಿಟ್ಟ ಗಿಡ ತೆನೆ ಬಲಿತು, ಬೀಜ ಕಟ್ಟಿ, ಕೆಳಗೆ ಕಟ್ಟಿಗೆಯಾಗಿ ನಿಲ್ಲುತ್ತದೆ. ಬೀಜ ಕಟ್ಟುವುದೆಂದರೆ ತುಳಸಿಗೆ ಬಾಳು ಮುಗಿದ ಹಾಗೆ. ಎಳೆಯ ತೆನೆಯನ್ನು ಬೆರಳ ತುದಿಯಿಂದ ಮುರಿದು ದೇವರಿಗೆ ಏರಿಸಿದರೆ ಶಾಸ್ತ್ರವೂ ಉಳಿಯಿತು, ಗಿಡವೂ ಉಳಿಯಿತು. ಕಟ್ಟಿಗೆಯಾದ ಬುಡದಿಂದ ಚಿಗುರು ಬರುವುದು ಅಪರೂಪ, ಅದಕ್ಕೆ ಕೆಳಗೆ ಉದುರಿ ಹುಟ್ಟಿದ ಸಸಿಯನ್ನೇ ಬೆಳೆಸುವುದು ಸರಿ.

ರಬ್ಬರ್ ಗಿಡ ಆಳೆತ್ತರ ಹೋಗಿದ್ದರೆ ಗೂಟಿ ಕಟ್ಟುವುದು ಉತ್ತಮ. ಬೇಕಾದ ಎತ್ತರದಲ್ಲಿ ಒಂದು ಅಂಗುಲ ಅಗಲ ಸಿಪ್ಪೆಯನ್ನು ಉಂಗುರದಂತೆ ತೆಗೆದು, ಒದ್ದೆ ಪಾಚಿ ಅಥವಾ ನಾರಿನ ಪುಡಿ ಸುತ್ತಿ, ಪ್ಲಾಸ್ಟಿಕ್ ಹಾಳೆಯಿಂದ ಎರಡೂ ಕಡೆ ಬಿಗಿದರೆ ಎರಡು ತಿಂಗಳೊಳಗೆ ಬೇರು ಹಾಳೆಯಾಚೆ ಬಿಳಿಯಾಗಿ ಕಾಣುತ್ತದೆ. ಆಗ ಕೆಳಗೆ ಕತ್ತರಿಸಿ ಹಚ್ಚಬಹುದು. ಸ್ನೇಕ್ ಪ್ಲಾಂಟಿನ ಎಲೆತುಂಡಿನಿಂದ ಹೊಸ ಗಿಡ ಬರುತ್ತದೆ. ಹಳದಿ ಅಂಚಿನ ತಳಿಯಾದರೆ ಬರುವ ಮರಿಗೆ ಆ ಅಂಚು ಇರುವುದಿಲ್ಲ. ಅಂಚು ಬೇಕಿದ್ದವರು ಬುಡದ ಮರಿಯನ್ನೇ ಬೇರ್ಪಡಿಸಬೇಕು.

ದೇವಗಣಗಿಲೆ ಕುಂಡದಲ್ಲೂ ಬೆಳೆಯುತ್ತದೆ. ಹಂಪಿಯ ವಿಜಯ ವಿಠ್ಠಲ ದೇವಾಲಯದ ಅಂಗಳದಲ್ಲಿ, ಕಲ್ಲಿನ ರಥದ ಫೋಟೊಗಳಲ್ಲಿ ಜೊತೆಯಾಗಿ ಕಾಣಿಸುವ ಹಳೆಯ ಮರ ಇದೇ ಜಾತಿಯದು. ಗುಡಿಗಳ ಮರವೆಂದೇ ಹೆಸರಾದರೂ ಇದರ ತವರು ಮಧ್ಯ ಅಮೆರಿಕ, ಪೋರ್ಚುಗೀಸರು ಬರುವ ಮೊದಲು ಇಲ್ಲಿ ಇದ್ದಿರಲಾರದು. ಕತ್ತರಿಸಿದರೆ ಹಾಲು ಸುರಿಯುತ್ತದೆ. ಹಸಿಯಾಗಿ ಹಚ್ಚಿದರೆ ಕೊಳೆಯುವುದೇ ಹೆಚ್ಚು. ನೆರಳಲ್ಲಿ ಒಂದು ವಾರ ಒರಗಿಸಿಟ್ಟು, ಕತ್ತರಿಸಿದ ಬಾಯಿ ಒಣಗಿ ಬಿಗಿದ ಮೇಲೆ ಹಚ್ಚಿ, ಬೇರು ಬರುವವರೆಗೆ ನೀರನ್ನು ಅಳೆದು ಹಾಕಬೇಕು. ಕಳ್ಳಿ ಜಾತಿಯ ಗಿಡಗಳಿಗೂ ಇದೇ ಕ್ರಮ.

ಕತ್ತರಿ ತಾಗಬಾರದ ಗಿಡಗಳು

ಸವರಿದರೆ ಎಲ್ಲವೂ ಚಿಗುರುತ್ತದೆ ಎಂದುಕೊಳ್ಳಬಾರದು. ಬಾಳೆಗೆ ನೆಲದ ಮೇಲೆ ಕಾಣುವುದು ಕಾಂಡವೇ ಅಲ್ಲ, ಎಲೆಯ ಬುಡಗಳ ಸುರುಳಿ. ಅದರ ಮುಂದಿನ ಪೀಳಿಗೆ ನೆಲದೊಳಗಿನ ಗಡ್ಡೆಯ ಕಂದಿನಿಂದ. ಮನೆಯ ಹಜಾರಗಳಲ್ಲಿ ಈಗ ಎಲ್ಲೆಲ್ಲೂ ಕಾಣುವ ಅರೆಕಾ ಪಾಮ್ ಕೂಡ ಹೀಗೆ ಎಡವಿಸುವ ಗಿಡ. ತೆಂಗು ಅಡಿಕೆಯ ಬಳಗದ ಈ ಗಿಡದ ಪ್ರತಿ ಕಾಂಡಕ್ಕೂ ಬೆಳೆಯುವ ಮೊಗ್ಗು ಒಂದೇ, ಅದು ಇರುವುದು ನೆತ್ತಿಯಲ್ಲಿ. ಹಳದಿಯಾದ ಗರಿಯನ್ನು ಬುಡದಲ್ಲಿ ತೆಗೆಯಬಹುದು, ಬೆಳಕಿಗೆ ಸರಿಸಬಹುದು. ಉದ್ದವಾಯಿತೆಂದು ತಲೆ ಕತ್ತರಿಸಿದರೆ ಆ ಕಾಂಡ ಮತ್ತೆ ಚಿಗುರುವುದಿಲ್ಲ.